ಎರಡು ಗಂಟೆಗೆ ಬಿಡಿಸಿದ ಬೀಗಗಳು

ಫಿಲಿಪ್ಪೀನ್ಸಿನ ಇಲೊಯಿಲೊ ಊರಿನ ನಮ್ಮ ಆಸ್ಪತ್ರೆಯಲ್ಲಿ ಎಲ್ಲ ವಾರ್ಡುಗಳ ಔಷಧಿ ಪಟ್ಟಿ ಇರುವುದು ಒಂದೇ ಸರ್ವರಿನಲ್ಲಿ. ಫೈಲನ್ನು ಮೊದಲು ತೆರೆದವರ ಹೆಸರಿಗೆ ಬೀಗ ಬೀಳುತ್ತದೆ. ಉಳಿದವರು ಬರೀ ನೋಡಬಹುದು, ಬರೆಯುವಂತಿಲ್ಲ. ಪಾಳಿ ಮುಗಿದ ನರ್ಸುಗಳು ಫೈಲು ಮುಚ್ಚದೆ ಮನೆ ಕಡೆಯ ಜೀಪ್ನಿ ಬಂಡಿ ಹಿಡಿಯಲು ಓಡುವರು. ಪಾಳಿ ಬದಲಾಗುವ ಮಧ್ಯಾಹ್ನದ ಎರಡು ಗಂಟೆ ದಾಟಿತೋ, ಸರ್ವರ್ ನೋಡಿಕೊಳ್ಳುವ ನನ್ನ ಫೋನು ಬಡಿದುಕೊಳ್ಳುತ್ತಿತ್ತು. "ಏನ್ ತಮ್ಮಾ, ನಿನ್ ಸರ್ವರ್ರು ಇನ್ನೂ ಮಧ್ಯಾಹ್ನದ ನಿದ್ದೇಲಿದ್ಯಾ?" ಎಂದು ಮೂರನೇ ವಾರ್ಡಿನ ನರ್ಸ್ ನೆನಿತಾ ಅಕ್ಕ ಕಿಚಾಯಿಸುತ್ತಿದ್ದಳು. ಅರವತ್ತು ಎಪ್ಪತ್ತು ಬೀಗ, ಒಂದೊಂದಾಗಿ ಬಿಡಿಸಬೇಕು.

ಸಾಕಾಗಿ ಒಂದು ಸ್ಕ್ರಿಪ್ಟ್ ಬರೆದೆ. ಅರ್ಧ ಗಂಟೆಯಿಂದ ಯಾರೂ ಮುಟ್ಟದ ಫೈಲುಗಳ ಬೀಗವನ್ನಷ್ಟೇ ಒಟ್ಟಿಗೆ ಬಿಡಿಸುವಂಥದ್ದು. ಆದರೂ ಆಗಷ್ಟೇ ಯಾರೋ ಮುಟ್ಟಿದ ನಾಲ್ಕೈದು ಉಳಿಯುತ್ತಿದ್ದವು. ತಪಾಸಣೆಯವರು ಬರಲಿದ್ದ ಮಂಗಳವಾರ, ಇವತ್ತು ಒಂದು ದೂರೂ ಬರಬಾರದು, ಆ ಅರ್ಧ ಗಂಟೆಯ ಸಾಲು ತೆಗೆದುಹಾಕು ಎಂದರು ನನ್ನ ಮೇಲಧಿಕಾರಿ ಗಾಯೆಗೊ ಸಾರ್. ತೆಗೆದೆ. ಸರಿಯಾಗಿ ಎರಡಕ್ಕೆ ಓಡಿಸಿದೆ. ಒಂದು ಫೋನೂ ಬರಲಿಲ್ಲ. ನೆಮ್ಮದಿಯಾಗಿ ಊಟ ಮಾಡಿದೆ.

ನೆನಿತಾಳ ವಾರ್ಡಿನ ಹಳಬರದೊಂದು ರೂಢಿ: ಪಾಳಿಯುದ್ದಕ್ಕೂ ಬರೆಯುತ್ತ ಹೋಗುವುದು, ಮುಂದಿನ ಪಾಳಿಯವಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಓದಿ, ಆಮೇಲಷ್ಟೇ ಸೇವ್ ಮಾಡುವುದು. ಒಂಬತ್ತನೇ ಹಾಸಿಗೆಯ ಮೀನುಗಾರನಿಗೆ ಪೆನಿಸಿಲಿನ್ ಆಗಿಬರುವುದಿಲ್ಲ ಎಂದು ಮಗಳು ಹೇಳಿದ್ದನ್ನು ನೆನಿತಾ ಬೆಳಿಗ್ಗೆಯೇ ಬರೆದಿದ್ದಳು. ಅವತ್ತು ಮುಂದಿನವಳು ತಡಮಾಡಿದಳು. ಕಾದು ಕಾದು, ಎರಡೂಕಾಲಿಗೆ ಸೇವ್ ಒತ್ತಿ, ತೆರೆಯ ಮೇಲೆ ಬಂದ ಎಚ್ಚರಿಕೆ ಎಂದಿನ ಕಿರಿಕಿರಿಯೇ ಅಂದುಕೊಂಡು ಹೊರಟಳು. ಬೀಗ ಬಿಡಿಸಿದ ಮೇಲೆ ಒತ್ತಿದ ಸೇವ್ ಸರ್ವರಿಗೆ ಸೇರುವುದಿಲ್ಲ; ಬೆಳಿಗ್ಗೆಯಿಂದ ಬರೆದದ್ದೆಲ್ಲ ಹೋಗಿತ್ತು. ಸಂಜೆಯವಳಿಗೆ ಸಿಕ್ಕಿದ್ದು ಹಳೇ ಪಟ್ಟಿ. ನಾಲ್ಕಕ್ಕೆ ಪೆನಿಸಿಲಿನ್ ಇಂಜೆಕ್ಷನ್ ಕೊಟ್ಟಳು. ಐದಕ್ಕೆ ಮೀನುಗಾರ ತೀರಿಕೊಂಡ.

ಸುದ್ದಿ ಕೇಳಿದೊಡನೆ ನಾನು ಬಿಡಿಸಿದ ಬೀಗಗಳ ಪಟ್ಟಿ ತೆಗೆದು ನೋಡಿದೆ. ನೆನಿತಾಳ ಫೈಲು ಅದರಲ್ಲಿತ್ತು. ಗಾಯೆಗೊ ಸಾರ್‌ಗೂ ತೋರಿಸಿದೆ. "ಬಾಯ್ ಮುಚ್ಕೊಂಡಿರು. ಮೂರು ಮಕ್ಳಿದಾವೆ ನಿಂಗೆ," ಅಂದರು.

ಮುಚ್ಚಿಕೊಂಡಿದ್ದೆ. ನೆನಿತಾ ಬರೆದೇ ಇರಲಿಲ್ಲ ಎಂದು ಇಡೀ ಆಸ್ಪತ್ರೆ ಆಡಿಕೊಂಡಿತು. ಶುಕ್ರವಾರದ ವಿಚಾರಣೆಯಲ್ಲಿ ಅವಳ ನರ್ಸ್ ಪರವಾನಗಿ ರದ್ದಿಗೆ ಶಿಫಾರಸು ಬರೆಯುತ್ತಿದ್ದಾಗ ನನ್ನಿಂದ ಕೂರಲಾಗಲಿಲ್ಲ. ಬಿಡಿಸಿದ ಬೀಗಗಳ ಪಟ್ಟಿಯ ಹಾಳೆ ಹಿಡಿದು ಎದ್ದು ನಿಂತು ಎಲ್ಲ ಹೇಳಿದೆ.

ನೆನಿತಾ ನನ್ನನ್ನೇ ನೋಡಿದಳು.

"ಮಂಗಳವಾರಾನೇ ಗೊತ್ತಿತ್ತಾ ತಮ್ಮಾ?"

ಹೌದೆಂದು ತಲೆಯಾಡಿಸಿದೆ.

"ನಿನ್ನೆ ಆ ಮೀನುಗಾರನ ಮನೇಗ್ ಹೋಗಿದ್ದೆ," ಅಂದಳು. "ಇನ್ನೂ ಮಣ್ಣು ಮಾಡದ ಹೆಣದ ಮುಂದೆ ಮಂಡಿಯೂರಿ, ನಿಮ್ಮಪ್ಪನ್ನ ಕೊಂದೋಳು ನಾನೇ ಅಂತ ಅವನ ಮಗಳಿಗೆ ಹೇಳಿ ಬಂದೆ."

ಸಮಿತಿಯವರು ನನ್ನ ಕೈಯಲ್ಲಿದ್ದ ಹಾಳೆ ಕೇಳಿದರು. ಕೊಟ್ಟೆ.