ಅಕ್ಕನ ಕಂಪ್ಯೂಟರ್

'ಹಿಂದಿನ ಸ್ಥಿತಿಗೆ' ಎಂಬ ಗುಂಡಿಯನ್ನು ಅವನು ಒತ್ತುವುದಕ್ಕೂ ಅಡುಗೆಮನೆಯಿಂದ ಅಕ್ಕನ ದನಿ ಬರುವುದಕ್ಕೂ ಸರಿಹೋಯಿತು.

"ಮರೀ, ನಾಳೆ ನನ್ನನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀಯಾ?"

"ಯಾಕೆ, ಮಂಡಿನೋವಾ?"

"ಮಂಡಿ ಸರಿಯಾಗೇ ಇದೆ."

ಮತ್ತೇನು ಎಂದು ಅವನು ಕೇಳಲಿಲ್ಲ. ಪರದೆಯ ಮೇಲೆ ಹಸಿರು ಪಟ್ಟಿಯೊಂದು ಎಡದಿಂದ ಬಲಕ್ಕೆ ತುಂಬುತ್ತಿತ್ತು. ಅದು ತುಂಬಿ ಮುಗಿಯುವುದನ್ನು ನೋಡುವುದೆಂದರೆ ಅವನಿಗೆ ಇಷ್ಟ. ಅವನ ದಿನದಲ್ಲಿ ಪೂರ್ತಿಯಾಗಿ ಮುಗಿಯುವ ಕೆಲಸ ಅದೊಂದೇ.

ಕಾಲೇಜಿನಲ್ಲಿ ಅವನು ತರ್ಕಶಾಸ್ತ್ರ ಹೇಳಿಕೊಡುತ್ತಾನೆ. ಮದುವೆಯಾಗಿಲ್ಲ. ಅಮ್ಮ ತೀರಿಕೊಂಡಾಗ ಅವನಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲೂ ಬರುತ್ತಿರಲಿಲ್ಲ, ಸಾಕಿದವಳು ಅಕ್ಕ. ಈಗ ಅವನ ತಲೆಯೂ ನರೆತಿದೆ. ಅಕ್ಕನಿಗೆ ಅವನಿನ್ನೂ ಮರಿ.

ಶಿಶುವಿಹಾರದ ಕೆಲಸದಿಂದ ನಿವೃತ್ತಳಾದ ಮೇಲೆ ಅವಳು ಅವನ ಕಂಪ್ಯೂಟರ್ ಮುಂದೆ ಕೂರತೊಡಗಿದಳು. ಪುಟ್ಟ ಮಕ್ಕಳ ಮಾತನ್ನು ನಂಬಿ ಅಭ್ಯಾಸವಾದವಳು, ಪರದೆಯ ಮೇಲೆ ಬಂದದ್ದನ್ನೆಲ್ಲ ನಂಬಿದಳು. 'ಇಲ್ಲಿ ಒತ್ತಿ' ಎಂದಿದ್ದರೆ ಒತ್ತುತ್ತಿದ್ದಳು. ಪಾಪ, ಅಷ್ಟು ಕೇಳಿಕೊಂಡಿದ್ದಾರಲ್ಲ ಎಂದು. ಹೋದ ವರ್ಷ ಯಾರೋ ಕಳಿಸಿದ ಶುಭಾಶಯವನ್ನು ತೆರೆದಳು. ಗುಲಾಬಿಯೊಂದು ಎಸಳೆಸಳಾಗಿ ಅರಳಿತು. ಅದು ಅರಳಿ ಮುಗಿಯುವಷ್ಟರಲ್ಲಿ, ಅದರ ಬೆನ್ನಿಗೇ ಬಂದ ವೈರಸ್ಸಿನಿಂದ ಅವನ ಫೈಲುಗಳಿಗೆಲ್ಲ ಬೀಗ ಬಿದ್ದಿತ್ತು. ವರ್ಷಗಟ್ಟಲೆ ಬರೆಯುತ್ತ ಬಂದಿದ್ದ, ಅರ್ಧವೂ ಆಗಿರದ ಅವನ ಪುಸ್ತಕ ಅವುಗಳಲ್ಲಿತ್ತು.

ಅಕ್ಕ ಊಟ ಬಿಟ್ಟು ಅತ್ತಳು. "ಹೋದ್ರೆ ಹೋಗ್ಲಿ ಬಿಡು" ಎಂದ. ಹಾಗೆಂದಾಗ ಒಳಗೆ ಎದ್ದ ನಿರಾಳ ಅವನನ್ನೇ ಗಾಬರಿಗೊಳಿಸಿತ್ತು.

ಆಮೇಲೆ ಅಕ್ಕನಿಗಾಗಿ ಈ ಹೊಸ ವ್ಯವಸ್ಥೆ. ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ನಿಲ್ಲಿಸುವ ತಂತ್ರಾಂಶ. ವರ್ಚುವಲ್ ಮಷೀನ್ ಅನ್ನುತ್ತಾರೆ. ಮುಟ್ಟಿ ನೋಡಲು ಅಲ್ಲಿ ಯಂತ್ರವೇನೂ ಇಲ್ಲ, ಆದರೆ ಬಳಸುವವರಿಗೆ ಅದೇ ಇಡೀ ಕಂಪ್ಯೂಟರ್. ಅಲ್ಲಿಗೆ ಯಾವ ರೋಗ ಹೊಕ್ಕರೂ ಹೊರಗಿನದಕ್ಕೆ ಸೋಕದಂತೆ ಗೋಡೆ. ಶುದ್ಧವಾಗಿದ್ದಾಗಿನ ಸ್ಥಿತಿಯನ್ನು ಒಮ್ಮೆ ಹಿಡಿದಿಟ್ಟುಕೊಂಡರೆ ಬೇಕೆಂದಾಗ ಅಲ್ಲಿಗೇ ಮರಳಬಹುದು. ದಿನಾ ಬೆಳಗ್ಗೆ, ಅಕ್ಕ ಚಹಾ ಕಾಯಿಸುವ ಹೊತ್ತಿಗೆ, ಅವನು ಅದನ್ನು ಮರಳಿಸುತ್ತಿದ್ದ. ಅವಳು ಅದರಲ್ಲಿ ಏನು ಮಾಡುತ್ತಾಳೆಂದು ನೋಡಿರಲಿಲ್ಲ. ನೋಡಬೇಕಾದ ಅಗತ್ಯವೇ ಇಲ್ಲದಿರುವುದು ಈ ವ್ಯವಸ್ಥೆಯ ಹೆಚ್ಚುಗಾರಿಕೆ ಎಂದು ಸ್ಟಾಫ್ ರೂಮಿನಲ್ಲಿ ಬಣ್ಣಿಸಿ ಭೇಷ್ ಅನ್ನಿಸಿಕೊಂಡಿದ್ದ.

ಅಕ್ಕನಿಗೆ ಮಾತ್ರ ಹೇಳಿರಲಿಲ್ಲ. ನೊಂದುಕೊಳ್ಳುತ್ತಾಳೆ. ಹೇಳದಿರುವುದು ಬೇರೆ, ಸುಳ್ಳು ಹೇಳುವುದು ಬೇರೆ.

ತಿಂಡಿಗೆ ಕೂತಾಗ ಕೇಳಿದ: "ಮತ್ಯಾಕೆ ಡಾಕ್ಟರು?"

"ಮರೆವು." ಅಕ್ಕ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು, ಅವನ ಬ್ರೆಡ್ಡಿಗೆ.

"ವಯಸ್ಸಾದ್ಮೇಲೆ ಎಲ್ರಿಗೂ ಇದ್ದದ್ದೇ."

"ಅಂಥದ್ದಲ್ಲ ಕಣೋ. ನಮ್ಮ ಮೋಟ ಇದ್ನಲ್ಲ?"

ಮೋಟ ಅವರು ಚಿಕ್ಕಂದಿನಲ್ಲಿ ಸಾಕಿದ್ದ ತುಂಡುಬಾಲದ ನಾಯಿ.

"ಕಂಪ್ಯೂಟರಲ್ಲಿ ಅವನ ಚಿತ್ರ ಬರೀತೀನಿ. ಸೇವ್ ಕೂಡ ಮಾಡಿರ್ತೀನಿ. ಮಾರನೇ ದಿನ ನೋಡಿದ್ರೆ ಇರಲ್ಲ. ಎಲ್ಲಾ ಕಡೆ ಹುಡುಕ್ತೀನಿ. ಬರೆದೇ ಇರಲ್ವೇನೋ. ಬರೀಬೇಕು ಅಂದ್ಕೊಂಡಿದ್ದನ್ನೇ ಬರೆದೆ ಅಂತ ತಿಳ್ಕೋತೀನೇನೋ."

ಅವನು ಚಹಾದ ಲೋಟ ಎತ್ತಿದ, ಕುಡಿಯದೆ ಕೆಳಗಿಟ್ಟ.

"ಮೊದಲೇ ಹೇಳಬಾರದಿತ್ತಾ?"

"ನಿನಗ್ಯಾಕೆ ತಲೆಬಿಸಿ ಅಂತ. ಆಸ್ಪತ್ರೆ ಹಿಂದೆ ವಯಸ್ಸಾದವರ ಮನೆ ಇದ್ಯಲ್ಲ, ಫೋನ್ ಮಾಡಿ ವಿಚಾರಿಸಿದೀನಿ. ಕಿಟಕಿಗಳು ದೊಡ್ಡವಂತೆ. ಒಲೆ ಆರಿಸೋದು ಮರೆಯೋಕೆ ಮುಂಚೆ ನನ್ನ ಅಲ್ಲಿ ಬಿಟ್ಟುಬಿಡು. ನೀನು ಮಲಗಿರ್ತೀಯ. ನನಗೆ ಭಯ ಆಗುತ್ತೆ."

ಅವನು ಹೇಳಿದ. ಎಲ್ಲವನ್ನೂ ಹೇಳಿದ: ಒಳಗಿನ ಕಂಪ್ಯೂಟರ್, ಗೋಡೆ, ಬೆಳಗಿನ ಗುಂಡಿ. ಪಾಠ ಮಾಡುವ ದನಿಯಲ್ಲಿ ಶುರುಮಾಡಿದ್ದು ಕೊನೆಗೆ ಬರಿಯ ಗೊಣಗಾಗಿ ನಿಂತಿತು. ಅಕ್ಕ ತಲೆದೂಗುತ್ತ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಅವನ ಕೆನ್ನೆ ಮುಟ್ಟಿದಳು.

"ನೀನು ಚಿಕ್ಕೋನಿದ್ದಾಗ್ಲೂ ಹೀಗೇ. ಅಪ್ಪನ ಗಡಿಯಾರ ನನ್ನ ಕೈಯಿಂದ ಬಿದ್ರೆ ನಾನೇ ಬೀಳಿಸಿದ್ದು ಅಂತ ಹೇಳಿ ನೀನು ಏಟು ತಿಂದಿದ್ದೆ."

"ಅಕ್ಕಾ, ಇದು ಸಮಾಧಾನಕ್ಕೆ ಹೇಳಿದ್ದಲ್ಲ."

"ಗೊತ್ತು ಗೊತ್ತು. ಬ್ರೆಡ್ ತಿನ್ನು."

ಅವನು ಅವಳನ್ನು ಕೈಹಿಡಿದು ಎಬ್ಬಿಸಿ ಕಂಪ್ಯೂಟರ್ ಮುಂದೆ ಕೂರಿಸಿ ಪಕ್ಕದಲ್ಲೇ ಕೂತ. ಬರಿ, ಎಂದ.

ಅಕ್ಕ ಬರೆದಳು. ಮೌಸ್ ಒಂದೇ ಬೀಸಿನಲ್ಲಿ ಬೆನ್ನಿನ ಗೆರೆ ಎಳೆಯಿತು. ಬಾಗಿದ ಕಿವಿ, ತುಂಡು ಬಾಲ, ಯಾರೋ ಕರೆದಂತೆ ಅರ್ಧ ತಿರುಗಿದ ಕತ್ತು. ಎಲ್ಲೂ ತಡವರಿಸಲಿಲ್ಲ, ಅಳಿಸಲಿಲ್ಲ. ದಿನದಿನವೂ ಮೊದಲಿನಿಂದ ಬರೆದು ಪಳಗಿದ ಕೈ. ಅವನು ಮರೆತೇಬಿಟ್ಟಿದ್ದ ಮೋಟ ಎದುರಿಗೆ ನಿಂತಿತ್ತು.

"ನೋಡು, ನಿನ್ನ ಕೈಗೆ ನೆನಪಿದೆ. ಮರೆವಿದ್ದೋರಿಗೆ ಹೀಗೆ ಬರುತ್ತಾ?"

ಚಿತ್ರವನ್ನು ಸೇವ್ ಮಾಡಿಸಿ, ಗುಂಡಿ ಒತ್ತಿದ. ಹಸಿರು ಪಟ್ಟಿ ತುಂಬಿತು. ಮೋಟ ಇರಲಿಲ್ಲ.

"ಈಗ ನಂಬಿದ್ಯಾ?"

ಅಕ್ಕ ಮೋಟ ಇದ್ದ ಜಾಗವನ್ನು ಬೆರಳಿನಿಂದ ಮುಟ್ಟಿದಳು.

"ಈಗ ನೀನು ಅಳಿಸಿದ್ದು ಕಂಡೆ. ಆದ್ರೆ ದಿನಾ ಅಳಿಸ್ತಿದ್ದೆ ಅಂದ್ರೆ ಹೇಗೆ ನಂಬೋದು? ಒಂದ್ಸಲ ತೆಗೆದೂ ನೋಡದೆ ಅಳಿಸೋನಲ್ಲ ನೀನು."

ತರ್ಕದಲ್ಲಿ ಇದಕ್ಕೆ ಉತ್ತರವಿತ್ತು. ಅವನು ಮೌಸನ್ನು ಅವಳ ಕಡೆಗೆ ಸರಿಸಿದ.

"ಇನ್ನೊಂದ್ಸಲ ಬರಿ," ಎಂದ. "ಈ ಸಲ ಅವನನ್ನ ಹೊರಗೆ ತೆಗೆದಿಡ್ತೀನಿ. ನನ್ನದರಲ್ಲಿ."

ಅವಳು ಬೇಸರವಿಲ್ಲದೆ ಮತ್ತೆ ಬರೆದಳು. ಚಿತ್ರ ಹೊರಗೆ ಬರಬೇಕಾದರೆ ಗೋಡೆಯಲ್ಲೊಂದು ಬಾಗಿಲು ತೆರೆಯಬೇಕು. ತೆರೆದ ಬಾಗಿಲಲ್ಲಿ ನಾಯಿಯೊಂದೇ ಬರುತ್ತದೆಯೆಂಬ ಖಾತ್ರಿ ಏನು? ಅವನ ಕೈ ನಿಂತಿತು. ಪರದೆಯ ಮೇಲೆ ಅಕ್ಕನ ಕಂಪ್ಯೂಟರಿನ ಕಿಟಕಿಯನ್ನು ಬದಿಗೆ ಸರಿಸಿ ತನ್ನ ಕಂಪ್ಯೂಟರನ್ನು ನೋಡಿದ. ಬೂದು ಪರದೆ. ಒಂದು ಫೈಲೂ ಇಲ್ಲ. ಪುಸ್ತಕ ಹೋದ ಮೇಲೆ ಅವನು ಒಂದು ಸಾಲೂ ಬರೆದಿರಲಿಲ್ಲ. ಇಷ್ಟು ಕಾಲ ಅಷ್ಟು ಜಾಣತನದಿಂದ ಕಾಯ್ದುಕೊಂಡು ಬಂದದ್ದು ಇದನ್ನು.

"ಯಾಕೋ, ಆಗಲ್ವಾ?"

"ತಾಳು."

"ಬಿಡು ಮರೀ. ನಾಳೆ ಇನ್ನೊಂದು ಬರೀತೀನಿ. ಡಾಕ್ಟರ ಹತ್ರ ಹೋಗಿಬಂದು."

"ಹೂಂ," ಎಂದ ಅವನು. ಹೂಂ ಯಾವುದಕ್ಕೆಂದು ಅವನಿಗೇ ತಿಳಿಯಲಿಲ್ಲ.

ಅಕ್ಕ ಕೈಚಾಚಿ ಪರದೆಯನ್ನು ಆರಿಸಿದಳು. "ಎಷ್ಟು ಧೂಳು ನೋಡು," ಎನ್ನುತ್ತ ಎದ್ದು ಒದ್ದೆ ಬಟ್ಟೆ ತಂದಳು. ಕಪ್ಪು ಗಾಜಿನಲ್ಲಿ ಅವನ ಮುಖ ಮೂಡಿತ್ತು. ಎಷ್ಟೋ ಮಕ್ಕಳ ಮೂಗು ಒರೆಸಿದ ಕೈಯಿಂದ ಅವಳು ಮೆಲ್ಲಗೆ ಒರೆಸತೊಡಗಿದಳು. ಹಣೆ. ಕಣ್ಣು. ಕೆನ್ನೆ. ಬಟ್ಟೆ ಹಾದುಹೋದಲ್ಲೆಲ್ಲ ಮುಖ ತೇವದಲ್ಲಿ ಕದಡಿಹೋಗುತ್ತಿತ್ತು. ಅವಳಿಗೆ ಅಡ್ಡಿಯಾಗದಿರಲೆಂದು ಅವನು ಅಲುಗಾಡದೆ ಕುಳಿತ.

"ಇಲ್ಲೊಂದು ಕಲೆ, ಹೋಗ್ತಾನೇ ಇಲ್ಲ," ಎಂದು ಅಕ್ಕ ಅವನ ಬಾಯಿ ಇದ್ದ ಜಾಗವನ್ನು, ಅಕ್ಕರೆಯಿಂದ, ಇನ್ನೊಮ್ಮೆ ಉಜ್ಜಿದಳು.