ಹಳದಿಯೊಂದು ಬೇಡ

"ಹಳದಿ ಒಂದು ತೋರಿಸಬೇಡ ಕಣೋ ಟ್ರೆಂಟ್. ಹಳದಿ ಕಾರಲ್ಲಿ ಸ್ವರ್ಗಕ್ಕೆ ಕರೆದ್ರೂ ನಾನು ನಡ್ಕೊಂಡೇ ಹೋಗ್ತೀನಿ."

ಆರ್ಡಿತ್ ಗೆರ್ಕೆನ್ ಇದನ್ನು ಹೇಳಿದ್ದು ಬ್ರೈಯರ್‌ಟನ್ನಿನ ಕಾರಿನ ಅಂಗಡಿಯ ಮುಂದಿನ ಬಯಲಿನಲ್ಲಿ, ಆಗಸ್ಟ್ ತಿಂಗಳ ಒಂದು ಶನಿವಾರ ಬೆಳಿಗ್ಗೆ, ಆಚೆ ಬದಿಯಲ್ಲಿ ಟ್ರಕ್ಕು ನೋಡುತ್ತಿದ್ದವರೂ ಕತ್ತು ತಿರುಗಿಸುವಷ್ಟು ಗಟ್ಟಿಯಾಗಿ. ಮೆಲ್ಲಗೆ ಮಾತಾಡುವುದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಅವಳ ಕೆಲಸ ನಡೆಯುತ್ತಲೂ ಇರಲಿಲ್ಲ. ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದ ಹೆಂಗಸು. ಬೆನ್ನ ಹಿಂದೆ ಅರವತ್ತು ಮಕ್ಕಳು ಕಿರುಚುತ್ತಿದ್ದರೆ ತಲೆಯ ಮೇಲಿನ ಕನ್ನಡಿಯಲ್ಲಿ ಒಂದು ಸಲ ಕಣ್ಣು ಬಿಟ್ಟು "ಏಯ್" ಅಂದರೆ ಸಾಕು, ಬಸ್ಸು ಚರ್ಚಿನಷ್ಟು ಗಪ್‌ಚಿಪ್ಪಾಗುತ್ತಿತ್ತು. ಆ ಬಸ್ಸು ಹಳದಿ. ಅದಕ್ಕೆ ಮುಂಚಿನದೂ ಹಳದಿ, ಅದಕ್ಕೂ ಮುಂಚಿನದೂ ಹಳದಿಯೇ.

"ಹಳದೀಗೆ ಒಳ್ಳೇ ರಿಯಾಯಿತಿ ಇದೆ ಮಿಸ್," ಎಂದು ಕಾರು ಮಾರುವ ಟ್ರೆಂಟ್ ಹಲ್ಲು ಕಿರಿದ.

"ರಿಯಾಯಿತಿ ವಿಷಯ ನನ್ನ ಹತ್ರ ಎತ್ತಬೇಡ. ಎರಡನೇ ಕ್ಲಾಸಲ್ಲಿದ್ದಾಗ ನನ್ನ ಬೆನ್ನ ಹಿಂದಿನ ಸೀಟಲ್ಲೇ ಕೂತು ಕುತ್ತಿಗೆ ಮೇಲೇ ವಾಂತಿ ಮಾಡಿದ್ಯಲ್ಲ, ಆವಾಗ ನಾನು ನಿಮ್ಮಮ್ಮಂಗೆ ಹೇಳಿದ್ನಾ?"

ಟ್ರೆಂಟನಿಗೆ ಈಗ ಮೂವತ್ತೈದು. ಎದೆತನಕ ಗಡ್ಡ, ಬೆಲ್ಟಿನ ಮೇಲೆ ಕೂತ ಹೊಟ್ಟೆ, ಮೂರು ಮಕ್ಕಳ ತಂದೆ. ಆದರೂ ಕಿವಿ ಕೆಂಪಗಾಯಿತು. ಆ ಊರಿನಲ್ಲಿ ಅರ್ಧಕ್ಕರ್ಧ ಜನ ಅವಳ ಬಸ್ಸಿನಲ್ಲಿ ಬೆಳೆದವರು, ಅವರ ಗುಟ್ಟೆಲ್ಲ ಅವಳ ಹೊಟ್ಟೆಯಲ್ಲಿ ಇತ್ತು.

ಆರ್ಡಿತಳಿಗೆ ಬೇಕಾಗಿದ್ದದ್ದು ಮಸಲ್ ಕಾರು. ಉದ್ದ ಮೂತಿಯದು, ಎಂಟು ಸಿಲಿಂಡರಿನದು, ಗೂಳಿಯ ಹಾಗೆ ಗುಟುರು ಹಾಕುವಂಥದು. ಯಾಕೆ ಎಂದು ಕೇಳಿದರೆ ಅವಳು ರಸ್ತೆಯ ಕಡೆ ಬೆರಳು ತೋರಿಸುತ್ತಿದ್ದಳು. ಊರಿನ ಪಕ್ಕದಲ್ಲಿ ಹಾದುಹೋಗುವ ಇಪ್ಪತ್ತನೇ ನಂಬರಿನ ಹೆದ್ದಾರಿ ಒಹಾಯೊದ ಹೊಲಗಳನ್ನು ದಾಟಿ, ಇಡೀ ದೇಶವನ್ನು ಸೀಳಿಕೊಂಡು, ಆರೆಗನ್ನಿನಲ್ಲಿ ಸಮುದ್ರಕ್ಕೆ ಹೋಗಿ ಮುಟ್ಟುತ್ತದೆ. ಆ ರಸ್ತೆಗೆ ಅವಳು ದಿನಕ್ಕೆರಡು ಸಲ ಬಸ್ಸು ಹತ್ತಿಸಿ, ಎರಡು ಮೈಲಿ ಹೋಗಿ, ಶಾಲೆಯ ಕಡೆಗೆ ಹೊರಳಿಸಿದವಳು. ಹೊರಳಿಸುವಾಗೆಲ್ಲ ಕನ್ನಡಿಯಲ್ಲಿ ಆ ರಸ್ತೆಯನ್ನೊಮ್ಮೆ ನೋಡುತ್ತಿದ್ದಳು. ಜೂನಿನಲ್ಲಿ ನಿವೃತ್ತಿಯಾದ ದಿನವೇ ತೀರ್ಮಾನಿಸಿದ್ದಳು: ಈ ಸಲ ಶಾಲೆ ಬಾಗಿಲು ತೆರೆಯುವ ದಿನ, ಬೇರೆ ಯಾರೋ ಹಳದಿ ಬಸ್ಸು ಹೊರಡಿಸುವ ಹೊತ್ತಿಗೆ, ತಾನು ಆ ಹೆದ್ದಾರಿಯಲ್ಲಿ ಎಲ್ಲೂ ಹೊರಳದೆ ನೆಟ್ಟಗೆ ಹೋಗಬೇಕು. ಅದೂ ಗಂಟೆಗೆ ಐವತ್ತೈದು ಮೈಲಿಗೇ ಏದುಸಿರು ಬಿಡುವ ಗಾಡಿಯಲ್ಲಲ್ಲ.

ಅಡ್ಡಗಾಲು ಹಾಕಿದವನು ಗಂಡ ಮರ್ಲ್. ಅವನು ಜಮೀನನ್ನು ಅಣ್ಣನ ಮಗನಿಗೆ ವಹಿಸಿ ಎರಡು ವರ್ಷವಾಗಿತ್ತು. ಪ್ರವಾಸಕ್ಕೆ ಅವನ ತಕರಾರಿಲ್ಲ, ಕಾರಿಗೆ ಮಾತ್ರ ತಕರಾರು. ಸ್ನೇಹಿತ ಹಾರ್ಲನ್‌ನ ಹತ್ತಿರ ಒಂದು ಹಳೆಯ ಮನೆಬಂಡಿ ಇತ್ತು: ಹಾಸಿಗೆ, ಒಲೆ, ಬಚ್ಚಲು ಎಲ್ಲ ಒಳಗೇ ಇರುವ, ಲಾರಿಯಷ್ಟು ದೊಡ್ಡ ಗಾಡಿ. ಅದರಲ್ಲೇ ಹೋಗೋಣ ಎಂದು ಬೇಸಿಗೆಯೆಲ್ಲ ಒಂದೇ ರಾಗ. ಕಾರಿನ ಸೀಟು ತಗ್ಗು, ಸೊಂಟಕ್ಕೆ ಆಗಲ್ಲ ಎಂದ. ಸದ್ದು ಜಾಸ್ತಿ, ಕಿವಿಗೆ ಆಗಲ್ಲ ಎಂದ. ಪೆಟ್ರೋಲು ಕುಡಿಯುತ್ತದೆ ಎಂದ. ಒಂದೊಂದೂ ಕುಂಟು ನೆಪ. ದಿನಕ್ಕೆ ಹನ್ನೆರಡು ತಾಸು ಟ್ರಾಕ್ಟರ್ ಮೇಲೆ ಕುಕ್ಕಿಸಿಕೊಂಡ ಸೊಂಟಕ್ಕೆ ಈಗ ಇದ್ದಕ್ಕಿದ್ದ ಹಾಗೆ ಮೆತ್ತೆ ಬೇಕಾಯಿತೇ?

"ಅರವತ್ತು ಜನರನ್ನ ಎಳ್ಕೊಂಡು ತಿರುಗಿದ್ದು ಸಾಕು ಮರ್ಲ್. ಇನ್ನು ಮನೇನೂ ಎಳ್ಕೊಂಡು ಹೋಗ್ಲಾ ನಾನು?" ಎಂದು ಜುಲೈನಲ್ಲಿ ಒಂದು ದಿನ ಅವಳು ರೇಗಿದ್ದಳು. "ನೀನು ಬರದಿದ್ರೆ ಬಿಡು. ಒಬ್ಬಳೇ ಹೋಗ್ತೀನಿ."

"ಹೋಗು," ಅಂದಿದ್ದ ಮರ್ಲ್, ತಟ್ಟೆಯಿಂದ ತಲೆ ಎತ್ತದೆ.

ಆ ಒಂದು ಮಾತು ಮುಳ್ಳಾಗಿ ಉಳಿದಿತ್ತು. ಹೋಗುವುದು ಅವಳಿಗೆ ದೊಡ್ಡದಲ್ಲ. ಹಿಮ ಬಿದ್ದ ಮುಂಜಾವಿನಲ್ಲಿ ಊರಿನ ಮಕ್ಕಳನ್ನೆಲ್ಲ ಹೊತ್ತು ಜಾರುವ ರಸ್ತೆಯಲ್ಲಿ ಹೋದವಳಿಗೆ ಆರೆಗನ್ ಯಾವ ಲೆಕ್ಕ. ಆದರೆ ಪಕ್ಕದ ಸೀಟು ಖಾಲಿ ಇಟ್ಟುಕೊಂಡು ಸಮುದ್ರ ನೋಡಿ ಏನು ಮಾಡುವುದು? ಅವನು ಬರಬೇಕು. ಹರಕೆಯ ಕುರಿಯ ಹಾಗೆ ಅಲ್ಲ, ಮನಸ್ಸಿಟ್ಟು ಬರಬೇಕು. ಅಷ್ಟೇ ಅವಳಿಗೆ ಬೇಕಾದದ್ದು, ಅಷ್ಟನ್ನೇ ಅವಳು ಬಾಯಿಬಿಟ್ಟು ಕೇಳಿರಲಿಲ್ಲ.

ಈಗ ಅಂಗಡಿಗೆ ಜೊತೆಯಲ್ಲಿ ಬಂದಿದ್ದನೇನೋ ನಿಜ. ಕೈ ಜೇಬಿನಲ್ಲಿಟ್ಟುಕೊಂಡು, ಹುಳುಕು ಹುಡುಕುವವನ ಮುಖ ಮಾಡಿಕೊಂಡು ಹಿಂದೆ ಹಿಂದೆ ಸುತ್ತುತ್ತಿದ್ದ.

ಸಾಲಿನಲ್ಲಿ ಹಳದಿ ಕಾರಿನ ಆಚೆ ಅವಳು ಬಯಸಿದ ಜಾತಿಯವೇ ಎರಡು ಮಸ್ಟಾಂಗ್ ಕಾರು ನಿಂತಿದ್ದವು. ಒಂದು ಬಿಳಿ, ತಾನೇ ಗೇರು ಬದಲಿಸಿಕೊಳ್ಳುವಂಥದು. ಇನ್ನೊಂದು ಕಡುನೀಲಿ, ಕೈಗೇರಿನದು. ಆರ್ಡಿತ್ ನೀಲಿಯ ಸುತ್ತ ಎರಡು ಸುತ್ತು ಬಂದಳು. ಟೈರು ಒದ್ದಳು, ಬಗ್ಗಿ ಕೆಳಗೆ ನೋಡಿದಳು, ದೀಪ ಹಾಕಿಸಿದಳು, ಇಂಡಿಕೇಟರ್ ಹಾಕಿಸಿದಳು. ದಿನಾ ಬೆಳಿಗ್ಗೆ ಬಸ್ಸು ಹೊರಡುವ ಮೊದಲು ಮಾಡಿದ ಕೆಲಸವದು, ಕಾಲಿಗೇ ಗೊತ್ತಿತ್ತು.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸ್ದಂಗೆ, ಕೈಗೆ ಚರ್ಮದ ಗವಸು ಬೇರೆ ತಂದಿದಾಳೆ ನೋಡು," ಎಂದು ಮರ್ಲ್ ಟ್ರೆಂಟನಿಗೆ ಹೇಳಿದ.

"ಬಿಳೀದು ತಗೊಳ್ಳಿ ಮಿಸ್," ಎಂದ ಟ್ರೆಂಟ್. "ಉದ್ದ ದಾರಿ. ಮಂಡಿಗೆ ಆರಾಮ. ನಿಮ್ಮ ವಯಸ್ಸಿಗೆ—"

"ನನ್ನ ವಯಸ್ಸಿಗೆ ಏನೋ?"

"ಏನಿಲ್ಲ ಮಿಸ್. ಕೀ ತರ್ತೀನಿ."

"ನೀಲೀದು ತಾ. ನಮ್ಮಪ್ಪನ ಧಾನ್ಯದ ಲಾರೀಲಿ ಹನ್ನೆರಡನೇ ವಯಸ್ಸಿಗೆ ಗೇರು ಕಲ್ತವಳು ನಾನು. ಆ ಗೇರು ಪೊರಕೆಯಷ್ಟು ಉದ್ದ ಇತ್ತು. ಗಾಡಿ ತಾನೇ ಎಲ್ಲ ಮಾಡ್ಕೊಳ್ಳೋದಾದ್ರೆ ನಾನ್ಯಾಕೆ ಹೋಗ್ಬೇಕು, ಗಾಡೀನೇ ಕಳಿಸ್ತೀನಿ ಆರೆಗನ್ನಿಗೆ."

ಗಿರಾಕಿ ಓಡಿಸಿ ನೋಡುವಾಗ ಕಾರು ಮಾರುವವನು ಮುಂದೆಯೇ ಕೂರಬೇಕು ಎನ್ನುವುದು ಆ ಅಂಗಡಿಯ ಕಟ್ಟಳೆ. ಹಾಗಾಗಿ ಮರ್ಲ್ ಹಿಂದೆ ಹೋಗಬೇಕಾಯಿತು. ಈ ಜಾತಿಯ ಕಾರುಗಳಲ್ಲಿ ಹಿಂದಿನ ಸೀಟು ಅನ್ನುವುದು ಹೆಸರಿಗೆ ಮಾತ್ರ. ಮುಂದಿನ ಸೀಟು ಬಗ್ಗಿಸಿ, ತಲೆ ತಗ್ಗಿಸಿ, ಒಂದೊಂದೇ ಕಾಲು ಒಳಗೆ ತುರುಕಬೇಕು. ಆರಡಿ ಮೇಲಿದ್ದ ಮರ್ಲ್ ಮಂಡಿಯನ್ನು ಗದ್ದಕ್ಕೆ ತಾಗಿಸಿಕೊಂಡು ಕೂತ.

"ಹೇಗಿದೆ?" ಎಂದು ಆರ್ಡಿತ್ ಕನ್ನಡಿಯಲ್ಲಿ ನೋಡಿ ಕೇಳಿದಳು.

"ಶವಪೆಟ್ಟಿಗೆ ಇದಕ್ಕಿಂತ ಅಗಲ ಇರತ್ತೆ."

ಅವಳು ಎಂಜಿನ್ ಹೊತ್ತಿಸಿದಳು. ಕೆಳಗಿನಿಂದ ಸದ್ದು ಎದ್ದು ಬೆನ್ನುಮೂಳೆಯ ತನಕ ಹತ್ತಿತು. ಆರ್ಡಿತ್ ನಕ್ಕೇಬಿಟ್ಟಳು, ಸಣ್ಣ ಹುಡುಗಿಯ ಹಾಗೆ, ಬಾಯಿ ತುಂಬ. ಅಂಗಡಿಯ ಬಯಲಿನಿಂದ ಹೊರಳಿ ಹಳ್ಳಿಯ ಕಡೆಯ ರಸ್ತೆಗೆ ಬಿದ್ದಳು. ಎರಡನೇ ಗೇರು, ಮೂರನೇ ಗೇರು. ಕ್ಲಚ್ಚು ಅವಳ ಕಾಲಿನ ಮಾತು ಕೇಳಿತು. ಎರಡೂ ಬದಿಯಲ್ಲಿ ಆಳೆತ್ತರ ಬೆಳೆದ ಮೆಕ್ಕೆಜೋಳ ಹಸಿರು ಗೋಡೆಯಾಗಿ ಹಿಂದಕ್ಕೆ ಓಡಿತು. ಇಷ್ಟು ವರ್ಷ ಈ ದಾರಿಯಲ್ಲಿ ತೆವಳಿದ್ದ ತಾನೇ ಈಗ ಹಾರುತ್ತಿದ್ದೇನೆ ಅನ್ನಿಸಿ ಅವಳಿಗೆ ಹೆಮ್ಮೆಯಾಯಿತು. ಇದೇ ಕಾರು. ಇನ್ನು ಯಾವುದನ್ನೂ ನೋಡಬೇಕಾಗಿಲ್ಲ.

ಅಷ್ಟರಲ್ಲಿ ರೈಲು ಹಳಿ ಬಂತು. ಗೇಟಿಲ್ಲ, ಗಂಟೆಯಿಲ್ಲ, ಅಡ್ಡಪಟ್ಟಿಯ ಒಂದು ಫಲಕ ಅಷ್ಟೆ. ಕಾರಿನವರು ಅತ್ತಿತ್ತ ನೋಡಿ ದಾಟಿಬಿಡುತ್ತಾರೆ. ಶಾಲೆಯ ಬಸ್ಸು ಹಾಗೆ ದಾಟುವ ಹಾಗಿಲ್ಲ. ರೈಲಿರಲಿ ಬಿಡಲಿ, ಹಳಿಗೆ ಮುಂಚೆ ನಿಲ್ಲಿಸಬೇಕು, ಮಕ್ಕಳ ಬಾಯಿ ಮುಚ್ಚಿಸಬೇಕು, ಬಾಗಿಲು ತೆರೆದು ಕಿವಿಗೊಡಬೇಕು, ಆಮೇಲೇ ದಾಟಬೇಕು. ಆರ್ಡಿತಳ ಕಾಲು ಯಾರನ್ನೂ ಕೇಳದೆ ಬ್ರೇಕ್ ಒತ್ತಿತು. ಕೈ ಅಪಾಯದ ದೀಪ ಹಾಕಿತು, ಬಾಗಿಲು ತೆರೆಯಿತು. ಕಿವಿಗೊಟ್ಟರೆ ಈ ಗೂಳಿಯ ಗುಟುರು ಬಿಟ್ಟು ಇನ್ನೇನೂ ಕೇಳಿಸುತ್ತಿಲ್ಲ. ಎಂಜಿನ್ನನ್ನೇ ಆರಿಸಿಬಿಟ್ಟಳು.

ಬೇರೆ ಯಾವ ಊರಿನ ಮಾರಾಟಗಾರನಾಗಿದ್ದರೂ ನಗುತ್ತಿದ್ದ. ಟ್ರೆಂಟ್ ನಗಲಿಲ್ಲ. ಮಾತಿನ ಮಧ್ಯದಲ್ಲಿದ್ದವನು ಗಪ್ಪನೆ ಬಾಯಿ ಮುಚ್ಚಿ, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, ನೆಟ್ಟಗೆ ಕೂತ. ಎರಡನೇ ಕ್ಲಾಸಿನ ಪಾಠ ಗಡ್ಡ ಬಂದರೂ ಮರೆತಿರಲಿಲ್ಲ. ಹಿಂದೆ ಬಂದ ಟ್ರಕ್ಕಿನವನೊಬ್ಬ ಒಮ್ಮೆ ಹಾರ್ನ್ ಹೊಡೆದು, ಕಾದು, ಬೇಸತ್ತು ವಾಪಸು ತಿರುಗಿಸಿಕೊಂಡು ಹೋದ. ಜೋಳದ ಎಲೆಗಳ ಸರಸರ ಬಿಟ್ಟರೆ ಏನೂ ಇಲ್ಲ.

ತಾನು ಮಾಡಿದ್ದು ಏನು ಎಂದು ಆರ್ಡಿತಳಿಗೆ ಆಗ ಹೊಳೆಯಿತು. ಮುಖಕ್ಕೆ ಬಿಸಿ ಏರಿತು. ಹಿಂದಿನಿಂದ ಮರ್ಲ್ ಈಗ ಏನನ್ನುತ್ತಾನೆ ಎಂದು ಅವಳಿಗೆ ಗೊತ್ತಿತ್ತು. 'ನೋಡಿದ್ಯಾ, ನಿನಗೆ ಬಸ್ಸೇ ಸರಿ' ಅನ್ನುತ್ತಾನೆ. ಬೇಸಿಗೆಯೆಲ್ಲ ಹುಡುಕುತ್ತಿದ್ದ ಹುಳುಕು ಸಿಕ್ಕಿತು ಅವನಿಗೆ.

"ಆರ್ಡಿತ್," ಎಂದ ಮರ್ಲ್. ದನಿ ಬಹಳ ಸಣ್ಣದಾಗಿತ್ತು. "ಹೇಗೂ ನಿಲ್ಸಿದೀಯ. ನನ್ನನ್ನ ಇಳಿಸು."

"ಯಾಕೆ? ನಡ್ಕೊಂಡು ಹೋಗ್ತೀಯಾ?"

"ಇಳಿಸು ಮಾರಾಯ್ತಿ. ಬೇಗ."

ಟ್ರೆಂಟ್ ಇಳಿದು ಸೀಟು ಬಗ್ಗಿಸಿದ. ಮರ್ಲ್ ಏಡಿಯ ಹಾಗೆ ಹೊರಬಂದವನೇ ಯಾರ ಮುಖವನ್ನೂ ನೋಡದೆ ಜೋಳದ ಸಾಲಿನೊಳಗೆ ನುಗ್ಗಿದ. ಅವನ ಟೋಪಿ ಎಲೆಗಳ ನಡುವೆ ಕಂಡು ಮರೆಯಾಯಿತು. ಟ್ರೆಂಟ್ ಬೆನ್ನು ತಿರುಗಿಸಿ ಹಳಿಯ ಕಡೆ ನೋಡುತ್ತ ನಿಂತ. ಮರ್ಯಾದಸ್ಥ.

ಆರ್ಡಿತ್ ಸ್ಟೀರಿಂಗ್ ಹಿಡಿದುಕೊಂಡೇ ಕೂತಳು. ಅಂಗಡಿಗೆ ಹೊರಡುವ ಮುಂಚೆ ಮರ್ಲ್ ಮನೆಯಲ್ಲಿ ಬಚ್ಚಲಿಗೆ ಹೋಗಿಬಂದಿದ್ದ. ಅಂಗಡಿಯಲ್ಲೂ ಒಂದು ಸಲ ಒಳಗೆ ಹೋಗಿಬಂದಿದ್ದ. ಚಳಿಗಾಲದಿಂದ ಚರ್ಚಿನಲ್ಲಿ ಬಾಗಿಲ ಪಕ್ಕದ ಬೆಂಚೇ ಬೇಕು ಅನ್ನುತ್ತಿದ್ದ. ಮೊಮ್ಮಗನ ಬೇಸ್‌ಬಾಲ್ ಆಟಕ್ಕೆ ಬರುವುದನ್ನೇ ಬಿಟ್ಟಿದ್ದ. ಯಾವ ಮಗು ಕಾಲು ಅದುಮಿಕೊಂಡು ಕೂತಿದೆ ಎಂದು ಕನ್ನಡಿಯಲ್ಲೇ ಕಂಡುಹಿಡಿಯುತ್ತಿದ್ದ ಹೆಂಗಸು ತನ್ನ ಮನೆಯವನನ್ನು ನೋಡಿರಲಿಲ್ಲ. ದೀಪದ ಬುಡದಲ್ಲೇ ಕತ್ತಲು.

ಮರ್ಲ್ ಬಂದ. ಟೋಪಿಯ ಮೇಲೆ ಜೋಳದ ಹೂವಿನ ಪುಡಿ. ಅವಳು ಕಾರಿನಿಂದ ಇಳಿದು ಅವನ ಎದುರು ನಿಂತಳು.

"ಹಾರ್ಲನ್ನನ ಬಂಡೀಲಿ ಕಕ್ಕಸು ಇದೆ ಅಂತ, ಅದಕ್ಕೇ ಅಲ್ವಾ?"

ಅವನು ಬೂಟಿನ ತುದಿಯಿಂದ ಜಲ್ಲಿ ಕೆದಕಿದ.

"ಡಾಕ್ಟರ ಹತ್ರ ಹೋಗಿದ್ಯಾ?"

"ಹೋಗಿದ್ದೆ. ಹೆದರೋಂಥದ್ದೇನಲ್ಲ, ವಯಸ್ಸಾದ ಗಂಡಸರಿಗೆಲ್ಲ ಬರತ್ತೆ ಅಂದ. ಮಾತ್ರೆ ಕೊಟ್ಟಿದಾನೆ. ಮಾತ್ರೆ ತಗೊಂಡ್ರೂ ಮುಕ್ಕಾಲು ಗಂಟೆ ತಡ್ಕೊಂಡ್ರೆ ಹೆಚ್ಚು."

"ಮತ್ತೆ ಸೊಂಟ? ಕಿವಿ? ಪೆಟ್ರೋಲು?"

"ಅದೆಲ್ಲ..." ಎಂದು ಕೈ ಆಡಿಸಿದ.

ಆರ್ಡಿತಳಿಗೆ ಎಲ್ಲಿತ್ತೋ ಸಿಟ್ಟು ಬಂತು. "ಎಂಥ ಗಂಡಸಯ್ಯಾ ನೀನು! ನನ್ನ ಆಸೆ ಅಂದ್ರೆ ನಿನಗೆ ತಾತ್ಸಾರ ಅಂತ ಅಂದ್ಕೊಂಡು ಬೇಸಿಗೆಯೆಲ್ಲ ಒಳಗೊಳಗೇ ಬೆಂದಿದೀನಿ ನಾನು. 'ಹೋಗು' ಅಂದ್ಯಲ್ಲ, ಆ ರಾತ್ರಿ ಅತ್ತಿದೀನಿ, ಗೊತ್ತಾ? ಉಚ್ಚೆ ವಿಷಯ ಹೇಳೋಕೆ ನಾಚಿಕೆ, ಹೆಂಡ್ತೀನ ಒಬ್ಬಳೇ ಕಳ್ಸೋಕೆ ನಾಚಿಕೆ ಇಲ್ಲ!"

ಹಳಿ ನೋಡುತ್ತಿದ್ದ ಟ್ರೆಂಟ್ ಇನ್ನಷ್ಟು ಗಮನವಿಟ್ಟು ಹಳಿಯನ್ನೇ ನೋಡಿದ.

"ಲೆಕ್ಕ ಹಾಕೇ," ಎಂದ ಮರ್ಲ್. ಅವನ ಕಣ್ಣು ಒದ್ದೆಯಾಗಿತ್ತು. "ದೇಶದ ಆ ತುದಿ. ಮುಕ್ಕಾಲು ಗಂಟೆಗೊಂದು ಸಲ ನಿಲ್ಸು ಅಂದ್ರೆ ಸಮುದ್ರ ಮುಟ್ಟೋದು ಯಾವಾಗ, ಕ್ರಿಸ್ಮಸ್ಸಿಗೆ? ನಿನ್ನ ಆಸೆ ಗಾಡಿ. ನಿನ್ನ ಆಸೆ ರಸ್ತೆ. ಹಿಂದಿಂದ ನಾನು 'ನಿಲ್ಸು ನಿಲ್ಸು' ಅಂತ ಹಾಳು ಮಾಡ್ಲಾ?"

"ಕ್ರಿಸ್ಮಸ್ಸಿಗೇ ಮುಟ್ಟೋಣ. ಅಲ್ಲಿ ನಮಗೋಸ್ಕರ ಯಾರು ಅಡುಗೆ ಮಾಡ್ಕೊಂಡು ಕಾಯ್ತಿದಾರೆ?" ಅವಳ ಸಿಟ್ಟು ಬಂದಷ್ಟೇ ಬೇಗ ಇಳಿದಿತ್ತು. "ಮನೆಮನೆಗೂ ನಿಲ್ಸಿ ನಿಲ್ಸಿ ಜೀವನ ಮಾಡಿದವಳಪ್ಪ ನಾನು. ನಿಲ್ಸೋದು ನನಗೆ ಕಷ್ಟ ಅಂತ ಯಾರು ಹೇಳಿದ್ರು ನಿನಗೆ? ನಿಲ್ಸಿದಾಗೆಲ್ಲ ಮತ್ತೆ ಹೊರಡ್ಬೇಕಲ್ಲ. ಮೊದಲನೇ ಗೇರು, ಎರಡನೇ ಗೇರು, ಮೂರನೇ ಗೇರು. ಈ ಗಾಡೀಲಿ ಅದಕ್ಕಿಂತ ಮಜ ಇನ್ನೇನಿದೆ?"

ಮರ್ಲ್ ಹಳಿಯನ್ನು ನೋಡಿದ, ನೀಲಿ ಕಾರನ್ನು ನೋಡಿದ, ಹೆಂಡತಿಯ ಗವಸು ಹಾಕಿದ ಕೈಯನ್ನು ನೋಡಿದ. ಆಮೇಲೆ ಮೂಗು ಒರೆಸಿಕೊಂಡು, "ಟ್ರೆಂಟ್, ನೀನು ಹಿಂದೆ ಹೋಗು," ಎಂದ.

"ಅಂಗಡಿ ಕಟ್ಟಳೆ—"

"ಹೋಗೋ," ಎಂದಳು ಆರ್ಡಿತ್.

ಗಡ್ಡ, ಹೊಟ್ಟೆ ಎರಡನ್ನೂ ಮಡಚಿಕೊಂಡು ಟ್ರೆಂಟ್ ಹಿಂದಕ್ಕೆ ತೂರಿದ. ಒಳಗಿನಿಂದ ನರಳಿದ ಸದ್ದು ಬಂತು. ಮರ್ಲ್ ಮುಂದಿನ ಸೀಟಿನಲ್ಲಿ ಕಾಲು ನೀಡಿ ಕೂತ. ಸೀಟನ್ನು ಇನ್ನಷ್ಟು ಹಿಂದಕ್ಕೆ ತಳ್ಳಿದ, ನರಳಿಕೆ ಜೋರಾಯಿತು. ಆರ್ಡಿತ್ ಎಂಜಿನ್ ಹೊತ್ತಿಸಿ ಹಳಿ ದಾಟಿದಳು. ರಸ್ತೆ ಹೆದ್ದಾರಿಗೆ ಕೂಡಿದ ಕಡೆ, ಕೆಲಸ ಬಿಟ್ಟವಳಿಗೆ ಇನ್ಯಾರ ಅಪ್ಪಣೆ ಎಂಬಂತೆ ಆಕ್ಸಿಲರೇಟರ್ ಒತ್ತಿದಳು. ಮರ್ಲ್ ಬಾಗಿಲ ಹಿಡಿ ಹಿಡಿದುಕೊಂಡ. ಅವನ ಮುಖದಲ್ಲಿ ಹೆದರಿಕೆಯೂ ಇತ್ತು, ನಗೆಯೂ ಇತ್ತು.

ಸ್ವಲ್ಪ ದೂರದಲ್ಲಿ ಪೆಟ್ರೋಲ್ ಬಂಕ್ ಕಂಡಿತು.

"ನಿಲ್ಸು," ಎಂದ ಮರ್ಲ್.

ಇಷ್ಟು ಬೇಗ ಮತ್ತೆಯೇ ಎಂದು ಆರ್ಡಿತಳಿಗೆ ಕಸಿವಿಸಿಯಾಯಿತು. ಆದರೆ ಮುಖದಲ್ಲಿ ತೋರಿಸಿಕೊಳ್ಳಲಿಲ್ಲ. ಗೇರು ಇಳಿಸಿ, ಬಂಕಿನ ಕಕ್ಕಸಿನ ಬಾಗಿಲ ಮುಂದೆಯೇ ಕಾರು ತಂದು ನಿಲ್ಲಿಸಿದಳು.

ಮರ್ಲ್ ಆ ಬಾಗಿಲನ್ನು ನೋಡಿ, ಅವಳನ್ನು ನೋಡಿ, ತಲೆ ಅಲ್ಲಾಡಿಸಿದ. "ಅದಕ್ಕಲ್ಲ ಕಣೆ. ರಸ್ತೆ ನಕ್ಷೆ ತಗೋಬೇಕು."

"ನಕ್ಷೆ ಫೋನಲ್ಲೇ ಇದೆಯಲ್ಲ," ಎಂದ ಟ್ರೆಂಟ್, ಹಿಂದಿನ ಕತ್ತಲಿನಿಂದ.

"ಫೋನಲ್ಲಿ ಪೆನ್ಸಿಲ್ ಆಡಲ್ಲ," ಎಂದು ಮರ್ಲ್ ಬಾಗಿಲು ತೆಗೆದ. "ನಿಲ್ಸೋ ಜಾಗಕ್ಕೆಲ್ಲ ಗುರುತು ಹಾಕ್ಬೇಕು. ಸಮುದ್ರದ ತನಕ."