ಎತ್ತಿ ನೋಡಿದ ಗಾಡಿ

"ವೈನಿ, ಸ್ಟೇರಿಂಗ್ ಸಡ್ಲ ಆಗಿಲ್ರಿ. ನಿಮ್ಮ ಧೈರ್ಯ ಸಡ್ಲ ಆಗೇತಿ," ಎಂದು ಮೆಕ್ಯಾನಿಕ್ ಶಾಹನವಾಜ ಹೇಳಿದಾಗ ಅಮೋಲ ಗ್ಯಾರೇಜಿನ ಕಂಬ ಹಿಡಿದು ನಕ್ಕ. ಶಾಹನವಾಜನೂ ನಕ್ಕ. ಸ್ನೇಹಲ ನಗಲಿಲ್ಲ.

ಶಾಹನವಾಜ ಮತ್ತು ಅಮೋಲ ಚಿಕ್ಕೋಡಿಯಲ್ಲಿ ಹತ್ತನೆಯ ಇಯತ್ತೆಯವರೆಗೆ ಒಂದೇ ಬೆಂಚಿನವರು. ಸ್ನೇಹಲ ಅಮೋಲನ ಹೆಂಡತಿ; ಗೆಳೆಯನ ಹೆಂಡತಿ ಎಂದರೆ ಅತ್ತಿಗೆ, ವೈನಿ. ವೈನಿಯೊಡನೆ ಚೇಷ್ಟೆ ಮಾಡಲು ಯಾರ ಅಪ್ಪಣೆಯೂ ಬೇಕಿಲ್ಲ, ಅದು ಈ ಕಡೆಯ ರೂಢಿ. ಆದರೆ ಗಾಡಿ ಅಮೋಲನದಲ್ಲ, ಸ್ನೇಹಲಳದು. ಕರೋಶಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಅವಳು ತನ್ನ ಪಗಾರದಲ್ಲಿ ಕೊಂಡ ಹಳೆಯ ಬಿಳಿ ಕಾರು. ದಿನಾ ಅದರಲ್ಲೇ ಹೋಗಿಬರುತ್ತಿದ್ದಳು. ಮೊನ್ನೆ ಕರೋಶಿ ರಸ್ತೆಯಲ್ಲಿ ಒಂದು ತಗ್ಗಿಗೆ ಮುಂದಿನ ಗಾಲಿ ಬಿದ್ದಿತ್ತು. ಕಬ್ಬಿನ ಟ್ರ್ಯಾಕ್ಟರುಗಳು ಅಗೆದ ತಗ್ಗು. ಮೇಲೆ ಕಬ್ಬಿನ ಒಣ ಎಲೆ, ರವದಿ ಉದುರಿ ಮುಚ್ಚಿದ್ದರಿಂದ ಸಪಾಟು ರಸ್ತೆಯ ಹಾಗೆಯೇ ಕಂಡಿತ್ತು.

"ತಿರುವಿದ್ರ ಮೊದಲ ಎರಡ ಬೆರಳಷ್ಟ ಸ್ಟೇರಿಂಗ್ ಖಾಲಿ ಹೋಗತೈತಿ, ಆಮ್ಯಾಲ ಗಾಲಿ ಹಿಡೀತೈತಿ," ಎಂದು ಅವಳು ಬಂದ ಕೂಡಲೇ ಹೇಳಿದ್ದಳು. "ಗಾಡಿ ನಿಂತಾಗ ತಿರುವಿದ್ರ ತೆಳಗ ಟಕ್ ಅಂತೈತಿ."

"ತಗ್ಗಿಗೆ ಹಾಕಿದ್ದು ತಾನ. ಈಗ ಸ್ಟೇರಿಂಗ್ ಮ್ಯಾಲ ಹಾಕಾಕತ್ತಾಳ," ಎಂದ ಅಮೋಲ.

ಶಾಹನವಾಜ ಜ್ಯಾಕ್ ಕೊಟ್ಟು ಗಾಡಿಯ ಮೂತಿ ಎತ್ತಿದ. ಗಾಲಿಗಳನ್ನು ಎಡಬಲ, ಮೇಲೆ ಕೆಳಗೆ ಹಿಡಿದು ಅಲುಗಾಡಿಸಿದ. ಎಲ್ಲ ಬಿಗಿ. ಅಮೋಲನನ್ನು ಒಳಗೆ ಕೂರಿಸಿ ಸ್ಟೇರಿಂಗ್ ತಿರುಗಿಸಲು ಹೇಳಿದ. ಗಾಳಿಯಲ್ಲಿ ತೂಗುತ್ತಿದ್ದ ಗಾಲಿಗಳು ಬೆಣ್ಣೆಯಲ್ಲಿ ಬೆರಳಾಡಿಸಿದಷ್ಟು ಸಲೀಸಾಗಿ ಹೊರಳಿದವು. ಟಕ್ ಇಲ್ಲ, ಗಿಕ್ ಇಲ್ಲ.

"ನೆಲದ ಮ್ಯಾಲ ಇಳಿಸಿ ತಿರುವಿ ನೋಡ್ರಿ," ಎಂದಳು ಸ್ನೇಹಲ.

"ಇಳಿಸಿದ್ರ ನಾ ತೆಳಗ ಹೆಂಗ ಹೋಗ್ಲಿ ವೈನಿ? ನಾ ಏನ ಹಲ್ಲೀನ?" ಅಮೋಲ ಮತ್ತೆ ನಕ್ಕ. ಆಮೇಲೆ ಬಂದದ್ದೇ ಧೈರ್ಯ ಸಡಿಲವಾದ ಆ ಮಾತು.

ಅವಳು ಗಡಿಯಾರ ನೋಡಿದಳು. ಬಸ್ ಸ್ಟ್ಯಾಂಡಿನಲ್ಲಿ ಮೂವರು ಹುಡುಗಿಯರು ಕಾಯುತ್ತಿದ್ದರು. ಹನ್ನೊಂದಕ್ಕೆ ಕಾಗವಾಡದಲ್ಲಿ ಪ್ರತಿಭಾ ಕಾರಂಜಿ; ಕರೆದೊಯ್ಯುತ್ತೇನೆಂದು ಅವರ ಮನೆಗಳಲ್ಲಿ ಮಾತು ಕೊಟ್ಟು ಬಂದವಳು ಇವಳೇ.

"ಖಾತ್ರಿ, ಏನೂ ಆಗಿಲ್ಲಲ್ರಿ? ಹುಡುಗ್ಯಾರನ್ನ ಕೂಡಿಸಿಕೊಂಡ ಹೋಗೂದೈತಿ."

"ಕಣ್ಣ ಮುಚ್ಚಿ ಹೋಗ್ರಿ."

ಜ್ಯಾಕ್ ಇಳಿಸಿದ ಮೇಲೆ ಅವಳು ಗಾಡಿಯನ್ನು ಹಿಂದಕ್ಕೆ ತೆಗೆದಳು. ಶಾಹನವಾಜ ಎದುರಿಗೆ ನಿಂತು ಕೈಬೀಸುತ್ತ "ಬರ್ರಿ, ಬರ್ರಿ" ಎನ್ನುತ್ತಿದ್ದ. ಆಗಲೇ ಅವನಿಗೆ ಅದು ಕಂಡಿತು. ಗಾಜಿನೊಳಗೆ ಅವಳ ಕೈ ಹೊರಳಿತು, ಗಾಲಿ ಹೊರಳಲಿಲ್ಲ. ಅರ್ಧ ಉಸಿರಿನ ಹೊತ್ತು ಗಾಲಿ ಸುಮ್ಮನೆ ನಿಂತಿತ್ತು, ಆಮೇಲೆ ಎಚ್ಚರಾದವರ ಹಾಗೆ ಗಕ್ಕನೆ ತಿರುಗಿತು. ಅವನು ತಲೆ ಎತ್ತಿದ. ಅವಳು ಅವನನ್ನೇ ನೋಡುತ್ತಿದ್ದಳು.

ಈಗ ತಡೆದರೆ ಆಡಿದ ಮಾತು, ನಕ್ಕ ನಗೆ, ಎರಡನ್ನೂ ಅಮೋಲನೆದುರು ನುಂಗಬೇಕು.

"ಹಾಂ, ಬರ್ರಿ," ಎಂದ ಶಾಹನವಾಜ.

ಗಾಡಿ ಹೋಯಿತು. ಅಮೋಲ ನಿಪ್ಪಾಣಿಯ ತಂಬಾಕು ಗೋದಾಮಿನಲ್ಲಿ ಕೆಲಸದವನು. ಅವನೂ ಬಸ್ಸಿಗೆ ಹೋದ. ಶಾಹನವಾಜ ಒಂದು ಗೂಡ್ಸ್ ಗಾಡಿಯ ಬ್ರೇಕು ಬಿಚ್ಚಲು ಕುಳಿತ. ನಟ್ಟು ತಿರುವುವ ಪಾನಾ ಎರಡು ಸಲ ಜಾರಿ ಬೆರಳು ತರಚಿತು. ನಾನೇನೂ ನೋಡಿಲ್ಲ ಎಂದುಕೊಂಡ. ಬಿಸಿಲಿಗೆ ಹಾಗೆ ಕಂಡಿರಬೇಕು ಎಂದುಕೊಂಡ. ಗ್ಯಾರೇಜು ನೆರಳಿನಲ್ಲಿತ್ತು.

ಅರ್ಧ ತಾಸು ಕಳೆಯುವಷ್ಟರಲ್ಲಿ ಅವನ ಅಪ್ಪ ಉಸ್ಮಾನ ಕುಂಟುತ್ತ ಬಂದು, ಯಾವುದೋ ಕಾರಿನಿಂದ ಕಿತ್ತಿಟ್ಟ ಸೀಟಿನ ಮೇಲೆ ಕುಳಿತ. ಮೊಣಕಾಲು ಹೋದ ಮೇಲೆ ಅವನ ಕೆಲಸ ಚಹಾ ಕುಡಿಯುವುದು ಮತ್ತು ಪ್ರಶ್ನೆ ಕೇಳುವುದು. ಅಪ್ಪ-ಮಗನದು ಮನೆಯಲ್ಲಿ ಉರ್ದು, ಗ್ಯಾರೇಜಿನಲ್ಲಿ ಕನ್ನಡ.

"ಕರೋಶಿ ಟೀಚರ್ ಗಾಡಿ ಬಂದಿತ್ತಂತ?"

"ಹೂಂ. ತಗ್ಗಿಗೆ ಬಿದ್ದಿತ್ತು. ಸ್ಟೇರಿಂಗ್ ಸಡ್ಲ ಅಂದ್ರು. ಏನಿಲ್ಲ."

"ಎತ್ತಿ ನೋಡಿದ್ಯೋ, ಇಳಿಸಿ ನೋಡಿದ್ಯೋ?"

"ಎತ್ತಿ."

ಉಸ್ಮಾನ ಚಹಾದ ಕಪ್ಪು ಕೆಳಗಿಟ್ಟ. "ಎತ್ತಿದ ಗಾಲಿಗೆ ಯಾರ ಹಂಗೈತಿ? ಗಾಳ್ಯಾಗ ತಾನ ತಿರಗತೈತಿ. ರ‍್ಯಾಕಿನ ಬೋಲ್ಟ್ ಸಡ್ಲ ಆಗಿದ್ರ ಭಾರ ಬಿದ್ದಾಗ ಮಾತ್ರ ಗೊತ್ತಾಕೈತಿ. ಒಬ್ಬಾಂವ ಒಳಗ ಕುಂತ ತಿರುವಬೇಕ, ಇನ್ನೊಬ್ಬಾಂವ ಬಾನೆಟ್ ತಗದ ನೋಡಬೇಕ. ಎಷ್ಟ ಸಲ ಹೇಳೇನಿ ನಿನಗ?"

ಹೇಳಿದ್ದು ನಿಜ. ರ‍್ಯಾಕ್ ಎಂದರೆ ಇಂಜಿನ್ನಿನ ಹಿಂದೆ ಅಡ್ಡ ಮಲಗಿರುವ ಕಬ್ಬಿಣದ ಕೊಳವೆ. ಸ್ಟೇರಿಂಗಿನ ತಿರುವನ್ನು ಎರಡೂ ಗಾಲಿಗಳಿಗೆ ಮುಟ್ಟಿಸುವುದು ಅದೇ. ಅದನ್ನು ಹಿಡಿದಿಟ್ಟ ಬೋಲ್ಟುಗಳು ಸಡಿಲವಾದರೆ ಗಾಲಿ ತಿರುಗುವ ಬದಲು ಮೊದಲು ಕೊಳವೆಯೇ ಸರಿಯುತ್ತದೆ. ಬೋಲ್ಟು ಪೂರ್ತಿ ಬಿಟ್ಟರೆ ತಿರುವುವ ಕೈಯ ಮಾತನ್ನು ಗಾಲಿ ಕೇಳುವುದೇ ಇಲ್ಲ.

"ನಿಂತ ಗಾಡ್ಯಾಗ ಟಕ್ ಅಂತೈತಿ ಅಂದಿದ್ಲೇನ ಆಕಿ?"

"ಅಂದಿದ್ರು."

"ಮತ್ತ?"

ಶಾಹನವಾಜ ಮೊಬೈಲ್ ತೆಗೆದ. ಸ್ನೇಹಲಳ ನಂಬರು ಅವನಲ್ಲಿರಲಿಲ್ಲ. ಅಮೋಲನಿಗೆ ಫೋನು ಹಚ್ಚಿದ.

"ಏನಲೇ, ಈಗಷ್ಟ ಕಣ್ಣ ಮುಚ್ಚಿ ಹೋಗ್ರಿ ಅಂದಿ?" ಬಸ್ಸಿನ ಗದ್ದಲದಲ್ಲಿ ಅಮೋಲ ಕಿರುಚಿದ. "ಗಾಡಿ ಹೊಡೀವಾಗ ಆಕಿ ಫೋನ ಎತ್ತೂದಿಲ್ಲೋ. ಸತ್ರೂ ಎತ್ತೂದಿಲ್ಲ."

ನಂಬರು ಕಳಿಸಿದ. ಶಾಹನವಾಜ ನಾಲ್ಕು ಸಲ ಹಚ್ಚಿದ. ರಿಂಗಾಗಿ ರಿಂಗಾಗಿ ನಿಂತಿತು. ಬೈಕಿಗೆ ಕಿಕ್ ಹೊಡೆದು ಅಂಕಲಿಯ ದಾರಿ ಹಿಡಿದ. ಕಾಗವಾಡಕ್ಕೆ ಹೋಗುವವರು ಅಂಕಲಿಯ ಆಚೆ ಕೃಷ್ಣಾ ನದಿಯ ಸೇತುವೆ ದಾಟಬೇಕು. ಸೇತುವೆಯ ನೆನಪಾದಾಗ ಅವನು ಎಕ್ಸಿಲರೇಟರ್ ಇನ್ನಷ್ಟು ತಿರುವಿದ.

ಪ್ರತಿ ತಿರುವಿನಲ್ಲೂ ಅವನ ಕಣ್ಣು ರಸ್ತೆ ಬಿಟ್ಟು ಪಕ್ಕದ ಕಬ್ಬಿನೊಳಗೆ ಬಿಳಿ ಬಣ್ಣ ಹುಡುಕುತ್ತಿತ್ತು. ಒಂದೆಡೆ ಮಂದಿ ಗುಂಪಾಗಿ ನಿಂತಿದ್ದರು. ಅವನು ಬೈಕಿನ ವೇಗ ಇಳಿಸಿದ. ಹತ್ತಿರ ಹೋದರೆ ಕಬ್ಬಿನ ಟ್ರೇಲರಿನ ಗಾಲಿ ಬಿಚ್ಚಿತ್ತು, ಅಷ್ಟೇ. "ಏನ ನೋಡ್ತಿ, ಕೈ ಹಚ್ಚ ಬಾ," ಎಂದನೊಬ್ಬ. ಶಾಹನವಾಜ ನಿಲ್ಲಲಿಲ್ಲ.

ಅಂಕಲಿ ದಾಟಿ ಸೇತುವೆಗೆ ಇನ್ನೂ ಸ್ವಲ್ಪ ದೂರವಿರುವಾಗ ಚಹಾದಂಗಡಿಯ ಪಕ್ಕ ಬಿಳಿ ಕಾರು ಬಾನೆಟ್ ತೆರೆದು ನಿಂತಿತ್ತು. ಬೆಂಚಿನ ಮೇಲೆ ಬಣ್ಣದ ಸೀರೆ ಉಟ್ಟ ಇಬ್ಬರು ಹುಡುಗಿಯರು ವಡೆ ತಿನ್ನುತ್ತಿದ್ದರು. ಸ್ನೇಹಲ ಎದ್ದು ನಿಂತಳು. ಅವನು ಬಂದದ್ದಕ್ಕೆ ಅವಳಿಗೆ ಆಶ್ಚರ್ಯವಾದ ಹಾಗೆ ಕಾಣಲಿಲ್ಲ.

"ಬರ್ರಿ, ತೋರಸ್ತೀನಿ," ಎಂದಳು. "ಸಪನಾ, ಮತ್ತೊಮ್ಮೆ ತಿರುವವಾ."

ಡ್ರೈವರ್ ಸೀಟಿನಲ್ಲಿ ಕುಳಿತಿದ್ದ ಉದ್ದ ಜಡೆಯ ಹುಡುಗಿ ಎರಡೂ ಕೈಯಿಂದ ಸ್ಟೇರಿಂಗ್ ಎಳೆದಳು. ಟಕ್. ಆಚೆ ಎಳೆದಳು. ಟಕ್. ಶಾಹನವಾಜ ಬಗ್ಗಿ ನೋಡಿದ. ಕೊಳವೆ ಬೆರಳಗಲ ಎಡಕ್ಕೂ ಬಲಕ್ಕೂ ಸರಿಯುತ್ತಿತ್ತು. ಒಂದು ಬೋಲ್ಟಿನ ಜಾಗ ಖಾಲಿ. ಇನ್ನೊಂದು ಅರ್ಧ ಹೊರಬಂದು, ಬೀಳುವ ಹಲ್ಲಿನಂತೆ ವಾಲಿತ್ತು.

"ಟಕ್ ಅನ್ನೂದು ಜೋರಾತು, ನಿಲ್ಲಿಸಿದ್ನಿ. ಆಕೀಗೆ ತಿರುವಾಕ ಹೇಳಿ ಬಾನೆಟ್ ತಗದ್ನಿ. ಎರಡ ನಿಮಿಷದ ಕೆಲಸ," ಎಂದಳು ಸ್ನೇಹಲ.

"ವೈನಿ, ನಾನು..."

"ವೈನಿ ಅನಬ್ಯಾಡ್ರಿ. ವೈನಿ ಅಂತ ನಕ್ಕೀರಿ. ಗಿರಾಕಿ ಅಂತ ತಿಳದಿದ್ರ ಇಳಿಸಿ ನೋಡತಿದ್ರಿ." ಅವಳ ದನಿ ಏರಲಿಲ್ಲ, ಕ್ಲಾಸಿನಲ್ಲಿ ಲೆಕ್ಕದ ಮುಂದಿನ ಹಂತ ಕೇಳುವ ದನಿ. "ನಾ ಗಾಡಿ ಹಿಂದ ತಗೊಳ್ಳುವಾಗ ನಿಮಗ ಕಂಡಿತ್ತು. ಹೌದಲ್ಲೋ?"

ಇಡೀ ದಾರಿ ಅವನು ನಾಲ್ಕೈದು ಸುಳ್ಳು ಹೊಂದಿಸಿಕೊಂಡೇ ಬಂದಿದ್ದ.

"ಕಂಡಿತ್ತು."

"ಮತ್ತ ಬರ್ರಿ ಬರ್ರಿ ಅಂದ್ರಿ."

"ಅಂದ್ನಿ."

ಅವಳು ಸೇತುವೆಯ ಕಡೆ ನೋಡಿದಳು. "ನಂದೂ ತಪ್ಪೈತಿ. ನನ್ನ ಕೈಗೆ ಗೊತ್ತಿತ್ತು. ಅದನ್ನ ಬಿಟ್ಟ ನಿಮ್ಮ ನಗೀ ನಂಬಿ ಈ ಹುಡುಗ್ಯಾರನ್ನ ಕೂಡಿಸಿಕೊಂಡ್ನಿ."

ಶಾಹನವಾಜನ ಮೊಬೈಲು ಬಡಿದುಕೊಂಡಿತು. ಅಮೋಲ. ಅವಳು ಕಣ್ಣಿನಲ್ಲೇ ಸೂಚಿಸಿದಳು. ಅವನು ಸ್ಪೀಕರ್ ಹಾಕಿದ.

"ಸಿಕ್ಕಾಳೇನಲೇ?"

"ಸಿಕ್ಕಾರ. ಎಲ್ಲಾರೂ ಆರಾಮ ಅದಾರ. ಅವರು ಹೇಳಿದ್ದು ಖರೇ ಐತಿ. ರ‍್ಯಾಕಿನ ಬೋಲ್ಟ್ ಬಿದ್ದೈತಿ."

ಅಮೋಲ ಉಸಿರು ಬಿಟ್ಟದ್ದು ಕೇಳಿಸಿತು. "ದಾರ್ಯಾಗ ಬಿದ್ದಿರಬೇಕ ಬಿಡ. ಮುಂಜಾನೆ ಬಿಗಿನ ಇತ್ತಲ್ಲ, ಇಬ್ಬರೂ ನೋಡೇವಿ."

ಬಾಗಿಲು ತೆರೆದುಕೊಟ್ಟಂತಿತ್ತು. ಹೂಂ ಎಂದಿದ್ದರೆ ಸಾಕಿತ್ತು. ಸ್ನೇಹಲ ಬಾನೆಟ್ಟಿನ ಮೇಲೆ ಕೈಯಿಟ್ಟು ಕಾಯುತ್ತಿದ್ದಳು. ಹುಡುಗಿಯರು ವಡೆ ತಿನ್ನುವುದು ನಿಲ್ಲಿಸಿದ್ದರು.

"ಮುಂಜಾನೇನ ಸಡ್ಲ ಇತ್ತು. ಹೋಗುವಾಗ ನನಗ ಕಾಣಿಸಿತ್ತು. ಹೇಳಲಿಲ್ಲ."

ಅಮೋಲ ದನಿ ಇಳಿಸಿ ಕೇಳಿದ: "ಆಕಿ ಮುಂದ ಹೇಳಿಲ್ಲಲ್ಲ ಇದನ್ನ?"

ಸ್ನೇಹಲ ಕೈಚಾಚಿ ತಾನೇ ಕೆಂಪು ಗುಂಡಿ ಒತ್ತಿದಳು.

ಕಾಗವಾಡದ ಮೇಲೆ ಹೋಗುವ ಮಿರಜಿನ ಬಸ್ಸು ಬರುತ್ತಿತ್ತು. ಅವಳು ಬಾನೆಟ್ ಮುಚ್ಚಿ, ಗಾಡಿಗೆ ಕೀಲಿ ಹಾಕಿ, ಹುಡುಗಿಯರ ಚೀಲಗಳನ್ನು ಎತ್ತಿಕೊಂಡು ರಸ್ತೆಗೆ ಬಂದಳು. ಶಾಹನವಾಜ ಹಿಂದೆ ಹೋದ.

"ಕೀಲಿ ಕೊಡ್ರಿ. ಇಲ್ಲೇ ಬೋಲ್ಟ್ ಹಾಕಿ ಒಯ್ತೀನಿ."

"ಸಂಜೀಕ ಇದ ದಾರೀಲೆ ಹೊಳ್ಳಿ ಬರ್ತೀನಿ. ನಿಮ್ಮ ಅಪ್ಪಾರನ್ನ ಕರಕೊಂಡ ಬರ್ರಿ. ಕೀಲಿ ಅವರ ಕೈಯಾಗ ಕೊಡ್ತೀನಿ."

ಬಸ್ಸು ನಾಲ್ವರನ್ನು ಹತ್ತಿಸಿಕೊಂಡು ಸೇತುವೆಯ ಕಡೆ ಹೋಯಿತು. ಶಾಹನವಾಜ ಗಾಡಿಯ ಬಳಿ ಬಂದು, ಗೊತ್ತಿದ್ದೂ, ಬಾಗಿಲ ಹಿಡಿಕೆ ಎಳೆದು ನೋಡಿದ. ಬಿಗಿಯಾಗಿತ್ತು. ಅಪ್ಪನಿಗೆ ಫೋನು ಹಚ್ಚಿದ.

"ಸಿಕ್ಕಿತೇನ?" ಎಂದ ಉಸ್ಮಾನ.

"ಸಿಕ್ಕೈತಿ. ಯಾರಿಗೂ ಏನೂ ಆಗಿಲ್ಲ. ಸಂಜೀಕ ನೀವ ಇಲ್ಲಿಗೆ ಬರಬೇಕ, ಅಬ್ಬಾಜಾನ್."

"ಬೋಲ್ಟ್ ಹಾಕಾಕ ನಾ ಯಾಕೋ? ನಿನಗ ಬರೂದಿಲ್ಲೇನ?"

ಚಹಾದಂಗಡಿಯವನು ಇವನನ್ನೇ ನೋಡುತ್ತಿದ್ದ. ಶಾಹನವಾಜ ಅವನಿಗೆ ಬೆನ್ನು ತಿರುಗಿಸಿ, ಸ್ನೇಹಲ ಗಾಡಿ ಹಿಂದಕ್ಕೆ ತೆಗೆಯುವಾಗ ತನಗೆ ಕಂಡದ್ದರಿಂದ ಹಿಡಿದು ಹೇಳತೊಡಗಿದ.